ಹಳ್ಳದ ಮರಳಿನ ಹೆಜ್ಜೆಗಳು

ಜಂಬಕ್ಕ ಯಾರಿಗೂ ಬಗ್ಗದ ಹೆಂಗಸು, ದಯೆ ದಾಕ್ಷಿಣ್ಯ ಎರಡೂ ಇಲ್ಲದವಳು. ನಿಜ ಹೇಳುವುದೊಂದೇ ಗುಣವೆಂದು ನಂಬಿದ್ದಳು; ಅದರಿಂದ ಯಾರ ಮುಖ ಕೆಟ್ಟರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ತಪಾಸಣೆಗೆ ಬಂದ ಸಾಹೇಬರು ಬಾಯಿಮಾತಿಗೆ ಕೇಳಿದ್ದಕ್ಕೆ, ಹೆಡ್‌ಮಾಸ್ತರು ಸೋಮವಾರ ಶಾಲೆಗೆ ಬಂದಿರಲಿಲ್ಲವೆಂದು ಅವರ ಎದುರಿಗೇ ಹೇಳಿಬಿಟ್ಟಳು. ಅದಾದ ಮೇಲೆ ಅವಳಿಗೆ ಕಲಿಸಲು ಸಿಕ್ಕಿದ್ದು ಒಂದನೆಯ ತರಗತಿ ಮತ್ತು ತಗಡು ಕಾದು ಕೆಂಡವಾಗುವ ಮೂಲೆಯ ಕೋಣೆ.

ಕೂಡ್ಲಿಗಿ ತಾಲೂಕಿನಲ್ಲಿ ಗುಡ್ಡದ ಬುಡಕ್ಕಿದ್ದ ಆ ಶಾಲೆಯ ಊರಿಗೆ ಅವಳು ಕೊಟ್ಟೂರಿನಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ಆ ಕೋಣೆಯಲ್ಲಿ ಬೇಯುವುದಕ್ಕಿಂತ ಹೊರಗೆ ನಡೆಯುವುದೇ ಮೇಲೆಂದು ಶನಿವಾರಗಳಲ್ಲಿ ಮಕ್ಕಳನ್ನು ಕುರುಚಲು ಕಾಡಿಗೆ ಕರೆದೊಯ್ಯತೊಡಗಿದಳು. ದಾರಿಯಲ್ಲಿ ಯಾರೂ ಮಾತಾಡುವಂತಿಲ್ಲ. ಹಿಂದಿರುಗಿದ ಮೇಲೆ ಪ್ರತಿ ಮಗುವೂ ತಾನು ಕಂಡದ್ದೊಂದನ್ನು ಹೇಳಬೇಕು, ಕಂಡದ್ದನ್ನಷ್ಟೇ. ಕಾಣದ ಉಡವನ್ನು ಕಂಡೆನೆಂದ ಹುಡುಗನನ್ನು ಮುಂದಿನ ನಡಿಗೆಗೆ ಕರೆದೊಯ್ಯಲಿಲ್ಲ. ಅವನು ಅತ್ತರೂ ಅವಳು ತಿರುಗಿ ನೋಡಲಿಲ್ಲ. ಆದರೂ ಮಕ್ಕಳು ಕಲಿತವು. ಕೌಜುಗದ ಕೂಗು, ಬೇಲಿಯ ಮೇಲಿನ ಗೋಸುಂಬೆ, ಕರಡಿ ಕೆದರಿದ ಹುತ್ತ ಎಲ್ಲ ಅವಕ್ಕೆ ಗುರುತಾಯಿತು.

ತೊಂಬತ್ತೊಂಬತ್ತರ ಜನವರಿಯಲ್ಲಿ ಒಂದು ಶನಿವಾರ, ಒಣಗಿದ ಹಳ್ಳದ ಮರಳಿನಲ್ಲಿ ನಾಯಿಯದಕ್ಕಿಂತ ಉದ್ದನೆಯ ಹೆಜ್ಜೆಗಳು ಕಂಡವು. ಮಕ್ಕಳು ಅವನ್ನೇ ಹಿಡಿದು ನಡೆದವು. ಹಳ್ಳ ಕವಲೊಡೆಯುವಲ್ಲಿ ಹೆಜ್ಜೆಗಳು ಎಡಕ್ಕೆ ತಿರುಗಿ ಒಂದು ಬಂಡೆಯ ಬುಡ ಸೇರಿದ್ದವು. ಅಲ್ಲಿ ಬಿಲದ ಬಾಯಲ್ಲಿ ಕಂದು ಮರಿಗಳು ಒಂದರ ಮೇಲೊಂದು ಬಿದ್ದು ಹೊರಳುತ್ತಿದ್ದವು. ತೋಳದ ಮರಿಗಳು. ಜಂಬಕ್ಕ ಕೈಯೆತ್ತಿ, ಉಸಿರೆತ್ತದೆ, ಮಕ್ಕಳನ್ನು ಹಿಂದಕ್ಕೆ ಸರಿಸಿಕೊಂಡು ಬಂದಳು.

ಸೋಮವಾರ ಅವಳು ಬಸ್ಸಿಳಿದಾಗ ಶಾಲೆಯ ಮುಂದೆ ಕುರಿ ಸಾಕುವ ಚೌಡಣ್ಣ ಕಾಯುತ್ತಿದ್ದ. ಪಕ್ಕದಲ್ಲಿ ಅವನ ಮಗಳು ಚಂದನಾ, ಜಂಬಕ್ಕನ ತರಗತಿಯವಳೇ. ಹಿಂದೆ ಅವನ ಜೊತೆಗಾರ ಯರ್ರೆಪ್ಪ, ಹೆಗಲ ಮೇಲೆ ಹುಲ್ಲು, ಒಣಮೆಣಸಿನಕಾಯಿ ತುಂಬಿದ ಚೀಲ. ಬಿಲದ ಬಾಯಲ್ಲಿ ಅದಕ್ಕೆ ಬೆಂಕಿ ಹಚ್ಚಿ ಕಲ್ಲು ಮುಚ್ಚಿದರೆ ಒಳಗಿನ ಮರಿಗಳು ಘಾಟಿಗೆ ಉಸಿರುಗಟ್ಟಿ ಸಾಯುತ್ತವೆ. ಕುರಿಗಾರರಿಗೆ ಹೊಸದೇನಲ್ಲ.

"ಅಕ್ಕೋರೆ, ನಮ್ಮ ಹುಡುಗಿ ಎಲ್ಲಾ ಹೇಳ್ಯಾಳ. ಹಳ್ಳದತನಕ ಗೊತ್ತೈತಿ ಆಕಿಗಿ, ಮುಂದ ಯಾವ ಕಡಿ ಹೋದ್ರೋ ನೆನಪಿಲ್ಲಂತ. ನೀವ ಬಂದು ತೋರಸ್ರಿ."

"ಮರಿ ಏನು ಮಾಡ್ಯಾವು ನಿನಗ?"

"ಮರಿ ಏನ್ ಮಾಡ್ತಾವ್ರಿ, ಅವರವ್ವ ಮಾಡ್ಯಾಳ! ಗಬ್ಬದ ಕುರಿ, ಕರುಳು ಎಳದು ಬಿಟ್ಟು ಹೋಗೈತಿ. ನೀವು ನೋಡಿದ್ರೇನು?"

"ಅಕ್ಕೋರು ತೋಳಕ್ಕೂ ಹಾಜರಿ ಕರೀತಾರ ಬಿಡಪಾ," ಎಂದು ಯರ್ರೆಪ್ಪ ಹಲ್ಲು ಕಿರಿದ.

"ನಗಬ್ಯಾಡಲೇ. ಅಕ್ಕೋರೆ, ನೀವು ಬರದಿದ್ರ ನಮ್ಮ ಹಟ್ಟಿ ಕೂಸು ಒಂದೂ ಇನ್ನ ನಿಮ್ಮ ಹಿಂದ ಅಡವಿಗಿ ಬರಂಗಿಲ್ಲ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಕುರಿ ಸತ್ತದ್ದು ನಿಜ, ಕೊಂದದ್ದು ತೋಳ. ಜಂಬಕ್ಕನಿಗೆ ತೋಳದ ಮೇಲೆ ಮಮತೆಯೇನೂ ಇರಲಿಲ್ಲ. ಆದರೆ ಹೆಜ್ಜೆ ನೋಡಲು ಆ ಹುಡುಗಿಗೆ ಕಲಿಸಿದವಳು ತಾನು. ಕಂಡದ್ದನ್ನು ಹೇಳೆಂದವಳೂ ತಾನು. ಆ ಪಾಠವೇ ಈಗ ಚೀಲ ಹೊತ್ತು ಬಂದು ನಿಂತಿತ್ತು. ತಾನು ಹೋಗದಿದ್ದರೂ ಇವರು ಹಳ್ಳಕ್ಕೆ ಹೋಗಿಯೇ ಹೋಗುತ್ತಾರೆ. ಹೆಜ್ಜೆ ಕಂಡರೆ ಸಾಕು, ಬಿಲ ಸಿಕ್ಕಂತೆಯೇ.

"ನಡೀರಿ," ಎಂದು ಮುಂದಾದಳು.

ಕವಲು ಬಂದಿತು. ಮರಳಿನ ಮೇಲೆ ರಾತ್ರಿಯ ಹೊಸ ಹೆಜ್ಜೆಗಳು ಎಡಕ್ಕೆ ಹೊರಳಿದ್ದವು. ಗಂಡಸರೂ ಚಂದನಾಳೂ ಹತ್ತು ಮಾರು ಹಿಂದಿದ್ದರು. ಅವರು ಬರುವುದರೊಳಗೆ ಜಂಬಕ್ಕ ಚಪ್ಪಲಿ ಎಳೆಯುತ್ತಾ ಅಡ್ಡಾಡಿ ಅವನ್ನು ಅಳಿಸಿ, ಉಳಿದ ಹೆಜ್ಜೆಗಳ ಮೇಲೆ ಸೀರೆಯ ನೆರಿಗೆ ಇಳಿಬಿಟ್ಟು ನಿಂತಳು.

"ಅಪ್ಪಾ, ಇಲ್ಲೇ ಹೆಜ್ಜಿ ಇದ್ವು," ಎಂದು ಚಂದನಾ ಓಡಿ ಬಂದಳು.

"ಎಲ್ಲದಾವ?" ಚೌಡಣ್ಣ ಬಗ್ಗಿ ನೋಡಿದ. ಚಂದನಾ ಅಕ್ಕೋರ ಕಾಲನ್ನು ನೋಡಿದಳು, ಆಮೇಲೆ ಮುಖವನ್ನು.

"ನೀವ ಹೇಳ್ರಿ ಅಕ್ಕೋರೆ. ನೀವು ಸುಳ್ಳು ಹೇಳಂಗಿಲ್ಲ ಅಂತ ಊರಿಗೇ ಗೊತ್ತೈತಿ."

ಜಂಬಕ್ಕ ಇನ್ನೊಂದು ಕವಲಿನತ್ತ ಕೈ ಮಾಡಿದಳು. "ಬಲಕ್ಕ," ಎಂದಳು.

ಗಂಡಸರು ಬಲಕ್ಕೆ ತಿರುಗಿದರು. ನಾಲ್ಕು ಹೆಜ್ಜೆ ಹೋದ ಚೌಡಣ್ಣ ನಿಂತು ಹಿಂದಿರುಗಿ ನೋಡಿದ. "ಬರ್ರಿ ಮತ್ತ. ಯಾಕ ನಿಂತ್ರಿ?"

"ಕಾಲಾಗ ಮುಳ್ಳು ನೆಟ್ಟೈತಿ. ನೀವು ನಡೀರಿ."

ಅವಳು ಆ ಹೆಜ್ಜೆಗಳ ಮೇಲೆಯೇ ಕೂತು, ಚಪ್ಪಲಿ ಕಳಚಿ, ಪಾದವನ್ನು ತೊಡೆಗೇರಿಸಿಕೊಂಡು, ಚಂದನಾ ಕಣ್ಣು ಕೀಳದೆ ನೋಡುತ್ತಿದ್ದಂತೆ, ಇಲ್ಲದ ಮುಳ್ಳನ್ನು ಉಗುರಿನಿಂದ ಕೀಳತೊಡಗಿದಳು.