ಮೂರು ಗಂಟೆಯ ಹೆಬ್ಬಾಗಿಲು

ಸ್ಪೇನಿನಲ್ಲಿ ಸರ್ಕಾರ ಪಟ್ಟಿಗೆ ಸೇರಿಸಿ ಕಾಪಾಡುವ ಕೋಟೆ, ಅರಮನೆ ಯಾರಪ್ಪನ ಹೆಸರಿನಲ್ಲೇ ಇರಲಿ, ತಿಂಗಳಿಗೆ ಕನಿಷ್ಠ ನಾಲ್ಕು ದಿನ ಅದರ ಬಾಗಿಲನ್ನು ಜನರಿಗೆ ಬಿಟ್ಟಿಯಾಗಿ ತೆರೆಯಬೇಕು. ಇದು ಒಡೆಯರ ಔದಾರ್ಯವಲ್ಲ, ಕಾನೂನು. ಆಲಿವ್ ಎಣ್ಣೆಗೆ ಹೆಸರಾದ ನಮ್ಮ ಹಾಯೆನ್ ಸೀಮೆಯಲ್ಲಿ ಎತ್ತ ತಿರುಗಿದರೂ ಗುಡ್ಡದ ಮೇಲೊಂದು ಕೋಟೆ. ಆದರೆ ಈ ಕಾನೂನು ಗೊತ್ತಿರುವ ಮನೆ ಎಷ್ಟಿವೆಯೋ ಕಾಣೆ. ಗೊತ್ತಾಗದಂತೆ ನೋಡಿಕೊಳ್ಳುವುದರಲ್ಲಿ ಒಡೆಯರು ನಿಸ್ಸೀಮರು.

ನಮ್ಮೂರು ತೊರ್ರೆಸೇಕಾದ ಕೋಟೆಯ ಒಡೆಯ ಇನ್ನೂ ಜಾಣ. ಬಾಗಿಲು ತೆರೆಯುವುದಿಲ್ಲ ಎಂದು ಅವನು ಅನ್ನಲೇ ಇಲ್ಲ. ಮ್ಯಾಡ್ರಿಡ್‌ನಲ್ಲಿ ಕೂತು ಬೋರ್ಡು ಬರೆಸಿ ಕಳಿಸಿದ: ಪ್ರತಿ ಮಂಗಳವಾರ, ಮಧ್ಯಾಹ್ನ ಮೂರರಿಂದ ನಾಲ್ಕು. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ಮೂರೆಂದರೆ ಏನೆಂದು ಅವನಿಗೆ ಚೆನ್ನಾಗಿ ಗೊತ್ತು. ಉಂಡು, ಕಿಟಕಿ ಮುಚ್ಚಿ, ಊರಿಗೆ ಊರೇ ಮಲಗಿರುತ್ತದೆ. ನಾಯಿ ಕೂಡ ಗೋಡೆಯ ನೆರಳು ಬಿಟ್ಟು ಏಳುವುದಿಲ್ಲ. ಆ ಹೊತ್ತಿನಲ್ಲಿ ಇನ್ನೊಬ್ಬರ ಬಾಗಿಲು ಬಡಿದವನಿಗಿಂತ ಕಳ್ಳನಿಗೆ ಹೆಚ್ಚು ಮರ್ಯಾದೆ. ಬೇಸಿಗೆ ಮುಗಿಯುವವರೆಗೆ ಒಬ್ಬರೂ ಬರಲಿಲ್ಲವೆಂದರೆ ಜನರಿಗೇ ಬೇಡವಂತೆ, ನನಗೆ ವಿನಾಯಿತಿ ಕೊಡಿ ಎಂದು ಸರ್ಕಾರವನ್ನು ಕೇಳುವುದು, ಆಮೇಲೆ ಬೀಗ ಜಡಿಯುವುದು. ಈ ಲೆಕ್ಕಾಚಾರವನ್ನು ಅವನ ಪಾರುಪತ್ಯಗಾರ ಎಲಾದಿಯೋ ಬಾರಿನಲ್ಲಿ ಎಲ್ಲರೆದುರೇ ನಗುತ್ತ ಹೇಳಿದ. ನಮ್ಮೆದುರು ಗುಟ್ಟು ಮಾಡುವಷ್ಟು ಬೆಲೆಯೂ ನಮಗಿರಲಿಲ್ಲ.

ಆ ಮಾತು ಕಾಸಿಲ್ದತ್ತೆಯ ಕಿವಿಗೆ ಬಿತ್ತು.

ಊರಿಗೆಲ್ಲ ಅತ್ತೆಯಾದ ಈ ಕಾಸಿಲ್ದಾ ಬೇಕರಿಯವನ ಮಗಳು. ಹುಡುಗಿಯಾಗಿದ್ದಾಗಿನಿಂದ ಮದುವೆಯಾಗುವವರೆಗೂ ದಿನಾ ಬೆಳಿಗ್ಗೆ ಬಿಸಿ ಬ್ರೆಡ್ಡಿನ ಬುಟ್ಟಿ ಹೊತ್ತು ಕೋಟೆಗೆ ಹೋದವಳು. ಹೋಗಬೇಕಾದದ್ದು ಹಿತ್ತಿಲ ಗಿಡ್ಡ ಬಾಗಿಲಿನಿಂದ. ಸೊಂಟ ಬಗ್ಗಿಸದೆ ಅದರಲ್ಲಿ ನುಸುಳುವಂತಿರಲಿಲ್ಲ. ಅಡುಗೆಮನೆಯಿಂದಾಚೆ ಕಾಲಿಡುವಂತಿರಲಿಲ್ಲ. ಒಂದು ದಿನ ಯಾರೋ ಒಳಬಾಗಿಲು ಮುಚ್ಚಲು ಮರೆತಿದ್ದರು. ದೊಡ್ಡ ಚಾವಡಿಯ ಮರದ ಚಾವಣಿಯ ಒಂದೇ ಒಂದು ಮೂಲೆ ಅವಳಿಗೆ ಕಂಡಿತು. ಕಡುನೀಲಿ ಬಣ್ಣ, ಅದರ ಮೇಲೆ ಚಿನ್ನದ ನಕ್ಷತ್ರಗಳು. ಅಡುಗೆಯವಳು ಬಂದು ಬಾಗಿಲೆಳೆದುಕೊಂಡಳು.

ಆಮೇಲೆ ಅವಳಿಗೆ ಮದುವೆಯಾಯಿತು, ಮಕ್ಕಳಾದವು, ಚಳಿಗಾಲಗಳೆಲ್ಲ ಒಡೆಯನ ತೋಟದಲ್ಲಿ ಆಲಿವ್ ಆರಿಸುವುದರಲ್ಲೇ ಕಳೆದವು, ಗಂಡ ತೀರಿಕೊಂಡ. ಆ ಮೂಲೆ ಮಾತ್ರ ಮನಸ್ಸಿನಿಂದ ಹೋಗಲಿಲ್ಲ. ಈಗ ಕಣ್ಣು ಕೈಕೊಡುತ್ತಿದೆ. ಯಾರನ್ನು ನೋಡಿದರೂ ಮುಖದ ನಡುವೆ ಒಂದು ಕಪ್ಪು ಮಚ್ಚೆ. ಅದು ದೊಡ್ಡದಾಗುತ್ತಲೇ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಅಷ್ಟರೊಳಗೆ ಇಡೀ ಚಾವಣಿ ನೋಡಬೇಕು, ಅದೂ ಹೆಬ್ಬಾಗಿಲಿನಿಂದಲೇ ಹೋಗಿ. ಅವಳ ಆಸೆ ಇಷ್ಟೇ.

ಮೊದಲ ಮಂಗಳವಾರ ಒಬ್ಬಳೇ ಗುಡ್ಡ ಹತ್ತಿದಳು. ಎಲಾದಿಯೋ ಕಿಟಕಿಯಿಂದಲೇ ಗದರಿದ: "ಒಬ್ಳಿಗೋಸ್ಕರ ಕೋಟೆ ತೆಗಿಯಕ್ಕಾಗಲ್ಲ, ಅತ್ತೆ. ಗುಂಪು ಕರ್ಕೊಂಡ್ ಬಾ. ಮೂರು ಗಂಟೆಗೆ, ಮರೀಬೇಡ!"

ಗುಂಪು ಬೇಕೆಂದು ಬೋರ್ಡಿನಲ್ಲಿ ಬರೆದಿರಲಿಲ್ಲ. ಕಾನೂನಿನಲ್ಲೂ ಇಲ್ಲ.

ಸಂಜೆ ಹೆಂಗಸರೆಲ್ಲ ಎಂದಿನಂತೆ ಬೀದಿಗೆ ಕುರ್ಚಿ ಹಾಕಿಕೊಂಡು ತಂಪಿಗೆ ಕೂತಿದ್ದರು. ಕಾಸಿಲ್ದಾ ವಿಷಯ ತೆಗೆದಳು. ಪಕ್ಕದ ಮನೆಯ ರುಫೀನಾ ಬೀಸಣಿಗೆ ನಿಲ್ಲಿಸಿ ಕೇಳಿದಳು:

"ನಿದ್ದೆಗೆಟ್ಟು ಆ ಬಿಸಿಲಲ್ಲಿ ಗುಡ್ಡ ಹತ್ತೋದಾ? ನಿಂಗೇನ್ ತಲೆ ಕೆಟ್ಟಿದ್ಯೇನೇ?"

"ಇಷ್ಟು ವರ್ಷ ನಿನ್ ಗಂಡನ ಗೊರಕೆ ಕೇಳಿದೀಯ. ಒಂದು ಮಂಗಳವಾರ ರಜಾ ತಗೋ."

"ಮಧ್ಯಾಹ್ನ ಎಬ್ಸಿದ್ರೆ ಅವ್ನು ನನ್ನ ಬಿಟ್ಟೇ ಬಿಡ್ತಾನೆ ಕಣೇ!"

"ಹಂಗಾದ್ರೆ ಎರಡು ಲಾಭ. ಬಾ."

ಮುಂದಿನ ಮಂಗಳವಾರ ಮಧ್ಯಾಹ್ನ ಕಾಸಿಲ್ದಾ ಮನೆಮನೆಯ ಬಾಗಿಲನ್ನೂ ಊರುಗೋಲಿನಿಂದ ಬಡಿದಳು. ಒಳಗಿನಿಂದ ಬಂದ ಬೈಗುಳಗಳನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ಬೈದವರೇ ಎದ್ದು ಬಂದರು. ಬಾರಿನವನು ಚಪ್ಪಲಿ ಅದಲು ಬದಲು ಮೆಟ್ಟಿಕೊಂಡು ಬಂದ, ರುಫೀನಾಳ ಗಂಡ ಪೈಜಾಮದಲ್ಲೇ ಬಂದ. ಹೆಂಗಸರು ಕುರ್ಚಿ ಎತ್ತಿಕೊಂಡು ಗುಡ್ಡ ಹತ್ತಿ, ಕೋಟೆಯ ಮುಂದೆ ಸಾಲಾಗಿ ಹಾಕಿ ಕೂತರು.

ಎಷ್ಟು ಬಡಿದರೂ ಯಾರೂ ಬರಲಿಲ್ಲ. ಯಾಕೆ ಬಂದಾರು? ಎಲಾದಿಯೋ ಕೂಡ ಇದೇ ಊರಿನವನು. ಮೂರು ಗಂಟೆಗೆ ಅವನೂ ಮಲಗಿದ್ದ! ಕೊನೆಗೆ ಕೆನ್ನೆಯ ಮೇಲೆ ದಿಂಬಿನ ಗೆರೆ ಹೊತ್ತು ಬಂದವನು, ಜನರನ್ನು ಕಂಡು ಬೆಚ್ಚಿ, ಹೆಬ್ಬಾಗಿಲಿನ ಕದದಲ್ಲೇ ಇದ್ದ ಸಣ್ಣ ಬಾಗಿಲು ತೆರೆದ.

"ಬನ್ನಿ, ಬನ್ನಿ. ತಲೆ ಬಗ್ಸಿ ಬನ್ನಿ."

ಎದ್ದು ನಿಂತಿದ್ದ ಕಾಸಿಲ್ದಾ ಮತ್ತೆ ಕುರ್ಚಿಯಲ್ಲಿ ಕೂತಳು.

"ಬಗ್ಗಿದ್ದು ಸಾಕು. ದೊಡ್ಡದು ತೆಗಿ, ಮಗಾ."

"ತುಕ್ಕು ಹಿಡ್ದಿದೆ ಅತ್ತೆ. ಅದನ್ನ ತೆಗ್ದು ಎಷ್ಟು ಕಾಲ ಆಯ್ತೋ."

"ಹಾಯೆನ್ನಲ್ಲಿ ಎಣ್ಣೆಗೆ ಬರವೇನೋ?"

ರುಫೀನಾಳ ಗಂಡ ಮನೆಗೆ ಹೋಗಿ ಆಲಿವ್ ಎಣ್ಣೆಯ ಡಬ್ಬ ತಂದ. ಸುರಿಯುವ ಮುಂಚೆ ಕೈ ತಡೆಯಿತು. "ಅತ್ತೆ, ಹೊಸಾ ಎಣ್ಣೆ ಇದು. ಆ ಒಡೆಯನ ಬಾಗಿಲಿಗೆ ಸುರಿಯೋದಾ?"

"ಸುರಿ. ತೋಟ ಅವನದು, ಕಾಯಿ ಆರಿಸಿದ್ದು ನಾವು. ಬಾಗಿಲೂ ಹಂಗೇ ಅಂತ ತಿಳ್ಕೋ."

ಎಲ್ಲರೂ ಭುಜ ಕೊಟ್ಟು ನೂಕಿದರು. ಕೀಲುಗಳು ನರಳಿ, ಎರಡೂ ಕದಗಳು ತೆರೆದುಕೊಂಡವು. ಎಲಾದಿಯೋ ವಾಚು ತೋರಿಸಿದ. "ನಾಲ್ಕಾಯ್ತು. ಟೈಮ್ ಮುಗೀತು."

"ನೀನ್ ಮಲಗಿದ್ದ ಹೊತ್ತನ್ನೂ ಅದಕ್ಕೆ ಸೇರ್ಸು," ಎಂದು ಕಾಸಿಲ್ದಾ ಸೊಂಟ ನೆಟ್ಟಗೆ ಮಾಡಿಕೊಂಡು ಒಳಗೆ ನಡೆದಳು.

ಚಾವಡಿಯಲ್ಲಿ ಕತ್ತೆತ್ತಿ ನೋಡಿದಳು. ಕಪ್ಪು ಮಚ್ಚೆ ಅಡ್ಡ ಬಂತು. ಊರುಗೋಲು ಬದಿಗಿಟ್ಟು ತಣ್ಣನೆಯ ಹಾಸುಗಲ್ಲಿನ ಮೇಲೆ ಅಂಗಾತ ಮಲಗಿ, ತಲೆಯನ್ನು ಅತ್ತಿತ್ತ ಹೊರಳಿಸುತ್ತ ಮಚ್ಚೆಯ ಅಂಚಿನಿಂದ ನೋಡತೊಡಗಿದಳು. ರುಫೀನಾ ಪಕ್ಕದಲ್ಲಿ ಮಲಗಿದಳು. ಆಮೇಲೆ ಬಾರಿನವನು, ಆಮೇಲೆ ಎಲ್ಲರೂ. ಒಡೆಯನ ಚಾವಡಿಯಲ್ಲಿ ಊರಿಗೆ ಊರೇ ಮಲಗಿತು. ರುಫೀನಾಳ ಗಂಡ ಗೊರಕೆಯನ್ನೂ ಶುರುಮಾಡಿದ.

"ಕಾಣ್ತಾ ಇದ್ಯೇನೇ?" ರುಫೀನಾ ಮೆಲ್ಲಗೆ ಕೇಳಿದಳು.

"ಮೂಲೇಲಿ ಮಾತ್ರ ಅಲ್ಲ ಕಣೇ," ಎಂದಳು ಕಾಸಿಲ್ದಾ. "ಉದ್ದಕ್ಕೂ ಇದೆ. ಎಲ್ಲಾ ಕಡೆ ನಕ್ಷತ್ರ!"

ಒಡೆಯ ಯಾವ ವಿನಾಯಿತಿಯನ್ನೂ ಕೇಳಲಿಲ್ಲ; ಯಾವ ಬಾಯಲ್ಲಿ ಕೇಳಿಯಾನು? ಮಂಗಳವಾರ ಬಂತೆಂದರೆ ನಮ್ಮ ಊರು ಮಧ್ಯಾಹ್ನದ ನಿದ್ದೆಯನ್ನು ಕೋಟೆಯಲ್ಲೇ ಮಾಡುತ್ತದೆ. ಕಾಸಿಲ್ದತ್ತೆಗೆ ಈಗ ಚಾವಣಿ ಕಾಣುವುದಿಲ್ಲ. ಆದರೂ ಬರುತ್ತಾಳೆ, ಹೆಬ್ಬಾಗಿಲಿನಿಂದ, ತಲೆಯೆತ್ತಿ.

ನಿಮ್ಮ ಊರಿನಲ್ಲೂ ಇಂಥ ಬಾಗಿಲೊಂದಿದೆ. ಕಾನೂನಿನಲ್ಲಿ ತೆರೆದಿರುತ್ತದೆ, ನೀವು ಬರಲಾರದ ಹೊತ್ತನ್ನೇ ಹುಡುಕಿ ಬೋರ್ಡಿನ ಮೇಲೆ ಬರೆದಿರುತ್ತಾರೆ. ಇವತ್ತು ಮಧ್ಯಾಹ್ನ ಮಲಗಬೇಡಿ. ಪಕ್ಕದ ಮನೆಯವರನ್ನೂ ಎಬ್ಬಿಸಿ, ಹೋಗಿ ಬಡಿಯಿರಿ. ಸಣ್ಣ ಬಾಗಿಲು ತೆರೆದರೆ ಒಳಗೆ ಹೋಗಬೇಡಿ, ದೊಡ್ಡದನ್ನೇ ತೆಗೆಸಿ.