ತ್ರಿಕೋನದ ಡಬ್ಬಿ

ಪಾದರಸ ಎಂಬ ಹೆಸರು ಇಟ್ಟವರು ಯಾರೋ ಏನೋ, ಅಂಟಿಕೊಂಡದ್ದು ಮಾತ್ರ ಜನ್ಮಕ್ಕೆ. ನಲವತ್ತು ದಾಟಿದ ಮೇಲೂ ಅವನು ನಿಂತಲ್ಲಿ ನಿಂತವನಲ್ಲ, ಕೂತಲ್ಲಿ ಕೂತವನಲ್ಲ. ಊಟಕ್ಕೆ ಕೂತರೂ ಒಂದು ಮೊಣಕಾಲು ಕುಣಿಯುತ್ತಲೇ ಇರಬೇಕು. "ನಿನ್ನ ಕಾಲಿಗೆ ಚಕ್ರ ಕಟ್ಟಿ ಕಳಿಸಿದಾರೆ, ಬಿಚ್ಚೋದನ್ನ ಮರೆತಿದಾರೆ" ಎನ್ನುತ್ತಿದ್ದಳು, ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಅಕ್ಕ.

ಇಂಥವನಿಗೆ ಸಿಕ್ಕ ಕೆಲಸವೋ, ಬರೀ ಕಾಯುವ ಕೆಲಸ. ಔಷಧ ಸಂಶೋಧನೆಯ ಪ್ರಯೋಗಾಲಯದಲ್ಲಿ ಅವನು ಸಹಾಯಕ. ಅಲ್ಲಿಯ ಮೇಡಂ ಅರಿಶಿನದ ಸತ್ವದಿಂದ ಊತ ಇಳಿಸುವ ಮುಲಾಮು ಮಾಡುತ್ತಿದ್ದರು. ಅರಿಶಿನ ಊತಕ್ಕೆ ಒಳ್ಳೆಯದೆಂದು ಅಜ್ಜಿಯರಿಗೂ ಗೊತ್ತು. ಆದರೆ ಆ ಸತ್ವ ನೀರಿನಲ್ಲಿ ಕರಗದು, ಚರ್ಮದೊಳಗೆ ಸರಿಯಾಗಿ ಇಳಿಯದು. ಮೇಲೇ ಬಣ್ಣ ಬಳಿದುಕೊಂಡು ಕೂರುತ್ತದೆ. ಅದಕ್ಕೇ ಮೇಡಂ ಅದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಗುಳ್ಳೆಗಳಲ್ಲಿ ತುಂಬುತ್ತಿದ್ದರು. ನ್ಯಾನೋ ಕಣಗಳು. ಒಂದು ಕೂದಲಿನ ಅಗಲದಲ್ಲಿ ನೂರಾರು ಸಾಲಾಗಿ ಕೂರುತ್ತವಂತೆ. "ಕೂರೋಕೆ ಅವಕ್ಕಾದ್ರೂ ಬರುತ್ತಲ್ಲ" ಎಂದು ಅವನು ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಿದ್ದ.

ಪರೀಕ್ಷೆ ನಡೆಯುತ್ತಿದ್ದುದು ಇಲಿಗಳ ಮೇಲೆ. ಊದಿದ ಪಾದಕ್ಕೆ ಮುಲಾಮು ಹಚ್ಚಿ ಊತ ಅಳೆಯುವುದು ಪಾದರಸನ ಪಾಲಿನ ಕೆಲಸ. ಡಬ್ಬಿ ಎರಡು, ಒಂದರ ಮೇಲೆ ವೃತ್ತ, ಇನ್ನೊಂದರ ಮೇಲೆ ತ್ರಿಕೋನ. ಒಂದರಲ್ಲಿ ಮದ್ದು, ಇನ್ನೊಂದರಲ್ಲಿ ಹಳದಿ ಬಣ್ಣ ಕಲಸಿದ ಸಪ್ಪೆ ಮುಲಾಮು. ಯಾವುದು ಯಾವುದೆಂದು ಮೇಡಂಗೆ ಮಾತ್ರ ಗೊತ್ತು. ಅಳೆಯುವವನಿಗೆ ಗೊತ್ತಾದರೆ ಅವನ ಕಣ್ಣು ಮದ್ದಿನ ಕಡೆಗೆ ವಾಲುತ್ತದೆ. ಮನುಷ್ಯನ ಕಣ್ಣನ್ನು ಅಷ್ಟೆಲ್ಲ ನಂಬುವ ಹಾಗಿಲ್ಲ.

ಇತ್ತ ಮನೆಯಲ್ಲಿ ಅಕ್ಕನ ಬೆರಳ ಗೆಣ್ಣುಗಳು ಊದಿದ್ದವು. ಸಂಧಿವಾತ. ಅಕ್ಕ ಬಟ್ಟೆ ಹೊಲಿಯುವವಳು. ಬೆರಳು ಹೋದರೆ ಅವಳ ಬದುಕೇ ಹೋದಂತೆ. ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ಹೊಟ್ಟೆ ತೊಳೆಸುತ್ತಿತ್ತು. ಅವಳು ನರಳುವುದನ್ನು ಕೇಳುತ್ತಾ ಪಾದರಸ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ತಿರುಗುತ್ತಿದ್ದ.

ಮೊದಲ ಸರದಿಯಲ್ಲಿ ತ್ರಿಕೋನದ ಇಲಿಗಳ ಊತ ಸರಸರನೆ ಇಳಿಯಿತು. ಮದ್ದು ಯಾವುದೆಂದು ಹೇಳಲು ಜ್ಯೋತಿಷಿ ಬೇಕಿರಲಿಲ್ಲ. "ಮನುಷ್ಯರಿಗೆ ಹಚ್ಚೋ ಮಾತು ಈಗ್ಲೇ ಬೇಡ, ಇನ್ನೂ ವರ್ಷಗಟ್ಟಲೆ ಕೆಲಸ ಇದೆ" ಎಂದಿದ್ದರು ಮೇಡಂ. ಆತುರಗಾರನಿಗೆ ಬುದ್ಧಿ ಮಟ್ಟ. ಡಬ್ಬಿಯ ತಳದಲ್ಲಿ ಉಳಿದದ್ದನ್ನು ಪುಟ್ಟ ಸೀಸೆಗೆ ಬಳಿದುಕೊಂಡು ಬಂದ.

ಪ್ರತಿ ಸಂಜೆ ಅಕ್ಕನ ಎದುರು ಕೂತು ಒಂದೊಂದೇ ಬೆರಳಿಗೆ ನಿಧಾನವಾಗಿ ತಿಕ್ಕಿದ. ಬಿಳಿ ಬಟ್ಟೆಗೆ ಕಲೆಯಾಗದಿರಲೆಂದು ಅಕ್ಕ ಆಮೇಲೆ ಸೋಪಿನಿಂದ ಕೈ ತೊಳೆಯುತ್ತಿದ್ದಳು. ಅರಿಶಿನಕ್ಕೆ ಸೋಪು ತಾಗಿದರೆ ಕೆಂಪು ತಾನೆ, ನೊರೆಯೆಲ್ಲ ಕೆಂಪಾಗುತ್ತಿತ್ತು. "ಕೊಲೆ ಮಾಡಿ ಬಂದವಳ ಹಾಗಿದೀನಿ ನೋಡೋ" ಎಂದು ನಗುತ್ತಿದ್ದಳು. ಬೆರಳು ಹಗುರಾಯಿತು ಎಂದಳು.

"ಹಾಗಿದ್ರೆ ಆ ಮಾತ್ರೆ ಯಾಕೆ? ಬಿಟ್ಟುಬಿಡು" ಎಂದವನು ಅವನೇ. ಅಕ್ಕ ಬಿಟ್ಟಳು.

ಸೀಸೆ ಖಾಲಿಯಾಯಿತು. ಎರಡನೇ ಸರದಿಯ ಡಬ್ಬಿಗಳು ಬಂದವು. ಮುಗಿದಾಗೆಲ್ಲ ಮತ್ತೆ ತ್ರಿಕೋನದ್ದನ್ನೇ ಬಳಿದುಕೊಂಡು ತಂದ. "ಹೇಗಿದೆ?" ಎಂದರೆ "ಚೆನ್ನಾಗಿದೆ ಕಣೋ" ಎನ್ನುತ್ತಿದ್ದಳು ಅಕ್ಕ.

ಹೀಗೇ ತಿಂಗಳುಗಳು ಕಳೆದವು. ತಿಕ್ಕಿ ಮುಗಿದೊಡನೆ ಬೀದಿ ಸುತ್ತಲು ಹೋಗುವುದು ಅವನ ಅಭ್ಯಾಸ. ಒಂದು ಸಂಜೆ ಬಾಯಾರಿಕೆಯಾಗಿ ಬಚ್ಚಲ ಪಕ್ಕದ ನಲ್ಲಿಗೆ ಬಂದ. ಅಕ್ಕ ಕೈ ತೊಳೆಯುತ್ತಿದ್ದಳು. ನೊರೆ ಹಳದಿಯಾಗಿತ್ತು. ಅವಳು ಇನ್ನಷ್ಟು ಸೋಪು ಹಚ್ಚಿದಳು. ಹಳದಿಯೇ.

ಅರಿಶಿನವಾಗಿದ್ದರೆ ಕೆಂಪಾಗಬೇಕಿತ್ತು. ಮೇಡಂ ಮೊದಲ ದಿನ ಏನೋ ಹೇಳುತ್ತಿದ್ದರು, ಇವನು ಎಂದಿನಂತೆ ಅರ್ಧ ಕೇಳಿ ಎದ್ದು ಹೋಗಿದ್ದ. ಉಳಿದರ್ಧ ಈಗ ಕಿವಿಗೆ ಬಿತ್ತು. "ಪ್ರತಿ ಸರದಿಗೂ ಡಬ್ಬಿಗಳ ಗುರುತು ಅದಲುಬದಲು ಮಾಡ್ತೀನಿ."

"ಅಕ್ಕಾ, ಮುಷ್ಟಿ ಕಟ್ಟು."

"ಯಾಕೋ?"

"ಕಟ್ಟು ಅಂದೆ."

ಕಟ್ಟಲಾಗಲಿಲ್ಲ. ಬಟ್ಟೆಯನ್ನು ಸೂಜಿಯ ಕೆಳಗೆ ನೂಕುವ ತೋರುಬೆರಳು ಪಕ್ಕಕ್ಕೆ ವಾಲಿತ್ತು. ಅಂಗಿಯ ಗುಂಡಿಮನೆ ಹೊಲಿಯಲು ಪಕ್ಕದ ಮನೆಯವಳಿಗೆ ಕೊಡುತ್ತಿದ್ದಳೆಂಬುದೂ ಆಗಲೇ ಹೊರಬಿತ್ತು. ದಿನವೂ ಹಿಡಿದು ತಿಕ್ಕಿದ ಬೆರಳು ವಾಲಿದ್ದು ಅವನ ಕಣ್ಣಿಗೆ ಬೀಳಲಿಲ್ಲವೇ? ವಾಸಿಯಾಗುತ್ತಿದೆ ಎಂದುಕೊಂಡವನಿಗೆ ವಾಸಿಯೇ ಕಂಡಿತ್ತು.

"ನೋವಿದೆ ಅಂತ ಯಾಕೆ ಹೇಳ್ಲಿಲ್ಲ?" ಎಂದ.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು. "ಚಿಕ್ಕಂದಿನಿಂದ ನಿನ್ನ ಹಿಂದೆ ಓಡಿ ಸಾಕಾಗಿದೆ ನಂಗೆ. ಒಂದ್ಕಡೆ ಕೂತಿದ್ದನ್ನ ಕಂಡಿರ್ಲಿಲ್ಲ. ಇದನ್ನ ಹಚ್ಚೋವಾಗ ಮಾತ್ರ ಕೂರ್ತಿದ್ದೆ, ನನ್ನ ಕೈ ಹಿಡ್ಕೊಂಡು. ವಾಸಿ ಆಗಿಲ್ಲ ಅಂದ್ರೆ ಎದ್ದು ಹೋಗ್ತೀಯ ಅಂತ ಸುಮ್ನಿದ್ದೆ."

ಅವನು ಗೋಡೆಗೆ ಒರಗಿ ಅತ್ತ.

ಮರುದಿನ ಡಾಕ್ಟರು ಬೈದು ಬೇರೆ ಮಾತ್ರೆ ಕೊಟ್ಟರು. ಊತ ಇಳಿಯುತ್ತದೆ, ವಾಲಿದ ಬೆರಳು ಮಾತ್ರ ನೆಟ್ಟಗಾಗದು ಎಂದರು. ಪ್ರಯೋಗಾಲಯದಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಮೇಡಂ ಎರಡನೇ ಸರದಿಯ ಅಳತೆಗಳನ್ನು ತೆಗೆದು ನೋಡಿದರು. ಸಪ್ಪೆ ಮುಲಾಮಿನ ಇಲಿಗಳ ಊತವೂ ಇಳಿದಂತೆ ಅಳೆದಿದ್ದ ಮಹಾರಾಯ. ಇಡೀ ಸರದಿ ನೀರುಪಾಲು. "ಗಾಜು ತೊಳೆಯೋದಕ್ಕೆ ಹೋಗು, ನಿನ್ನ ಕಣ್ಣು ನಂಗೆ ಬೇಡ" ಎಂದರು.

ಈಗಲೂ ಸಂಜೆಯಾದರೆ ಅಕ್ಕನ ಎದುರು ಕೂರುತ್ತಾನೆ. ಹಚ್ಚಲು ಏನೂ ಇಲ್ಲ. ಆ ವಾಲಿದ ಬೆರಳನ್ನು ಅಂಗೈಯಲ್ಲಿ ಇಟ್ಟುಕೊಂಡಿರುತ್ತಾನೆ.

"ಸಾಕು, ಏಳು. ಕಾಲು ಕುಣೀತಿದೆ" ಎನ್ನುತ್ತಾಳೆ ಅಕ್ಕ.

"ಕುಣೀಲಿ ಬಿಡು" ಎನ್ನುತ್ತಾನೆ. ಏಳುವುದಿಲ್ಲ.