ಕೈಗಂಟಿದ ನೀರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಜಲಾಶಯದ ಮೆಟ್ಟಿಲ ಮೇಲೆ ನಿಂತು ಮೀನಣ್ಣ ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದಾರೆ. ಹಗ್ಗದ ಇನ್ನೊಂದು ತುದಿ ಹೆಂಡತಿಯ ತಮ್ಮನ ಕೈಯಲ್ಲಿದೆ. ನಿನ್ನೆ ಸಂಜೆ ಕಾಲು ಜಾರಿ ಬಿದ್ದ ಯುವತಿಯ ಮನೆಯವರು ದಡದಲ್ಲಿ ಕುಳಿತಿದ್ದಾರೆ.

"ಭಾವ, ಆ ಕಡೆ ಹೂಳು ಜಾಸ್ತಿ. ಜೋಪಾನ."

"ನೀನು ಹಗ್ಗ ಹಿಡ್ಕೊಂಡು ಫೋನ್ ನೋಡದೇ ಇದ್ರೆ ಸಾಕು ಮಾರಾಯ, ನಾನು ಜೋಪಾನವಾಗೇ ಇರ್ತೀನಿ."

ನೀರಿನಡಿಯಲ್ಲಿ ಹಗ್ಗವೇ ಮಾತು. ಒಂದು ಸಲ ಜಗ್ಗಿದರೆ ಕ್ಷೇಮ. ಎರಡು ಸಲ ಜಗ್ಗಿದರೆ ಸಿಕ್ಕಿತು. ಮೂರು ಸಲ ಜಗ್ಗಿದರೆ ಮೇಲೆಳೆಯಬೇಕು. ಕದಡಿದ ನೀರಿನಲ್ಲಿ ಕಣ್ಣಿಗೆ ಕೆಲಸವಿಲ್ಲ. ಮೀನಣ್ಣ ಕಣ್ಣು ಮುಚ್ಚಿಕೊಂಡೇ ತಳದಲ್ಲಿ ಕೈಯಾಡಿಸುತ್ತಾರೆ. ಕಲ್ಲು ಯಾವುದು, ಬೇರು ಯಾವುದು, ಬಟ್ಟೆಯ ಅಂಚು, ಬಳೆ, ಬಿಚ್ಚಿದ ಕೂದಲು ಯಾವುದು ಎಂದು ಬೆರಳೇ ಹೇಳುತ್ತದೆ. ಸ್ವಲ್ಪ ಹೊತ್ತಿಗೆ ಹಗ್ಗ ಎರಡು ಸಲ ಜಗ್ಗುತ್ತದೆ. ದಡದಲ್ಲಿ ಅಳು ಏಳುತ್ತದೆ.

ಮೀನಣ್ಣನ ಹೊಟ್ಟೆಪಾಡು ಪಂಪ್‌ಸೆಟ್ ರಿಪೇರಿ. ಹದಿನೇಳು ವರ್ಷಗಳ ಹಿಂದೆ ನೆರೆಮನೆಯ ಮಗು ನೀರಿಗೆ ಬಿದ್ದಾಗ ಮೊದಲ ಸಲ ಹುಡುಕಲು ಧುಮುಕಿದರು. ಆಮೇಲೆ ಪೊಲೀಸರ ಫೋನ್ ನೇರ ಇವರಿಗೇ ಬರತೊಡಗಿತು. ಇದುವರೆಗೆ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಮೇಲೆ ತಂದಿದ್ದಾರೆ. ಉಸಿರಿದ್ದವರು ನಾಲ್ವರು ಮಾತ್ರ.

ಮೂರು ವರ್ಷಗಳ ಹಿಂದೆ ಶಾಲಾ ವ್ಯಾನೊಂದು ಕಾಲುವೆಗೆ ಉರುಳಿತು. ಮಕ್ಕಳನ್ನು ಹುಡುಕಿ ಮೇಲೆ ತಂದವರು ಮೀನಣ್ಣನೇ. ಆ ವಾರದ ನಂತರ ನೀರು ಮನೆಯೊಳಕ್ಕೂ ಬಂತು.

"ದೀಪ ಆರಿಸಿದ್ರೆ ಕೈ ಅದರ ಕೆಲಸ ಶುರು ಮಾಡ್ಬಿಡುತ್ತೆ" ಎನ್ನುತ್ತಾರೆ ಮೀನಣ್ಣ. "ಹೆಂಡ್ತಿ ಅಂತ ಮುಟ್ಟೋಕೆ ಹೋದ್ರೆ ಅದು ಹುಡುಕುತ್ತೆ. ಅಷ್ಟೇ, ಮೈ ತಣ್ಣಗಾಗಿಬಿಡುತ್ತೆ."

ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಹೆಂಡತಿಯ ಮಣಿಕಟ್ಟು ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಹೊದಿಕೆಯನ್ನು ಎರಡು ಸಲ ಜಗ್ಗಿದರು. ಆಕೆಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಿರಲಿಲ್ಲ. ಮದುವೆಯಾದ ಹೊಸದರಲ್ಲಿ ದಡದಲ್ಲಿ ಹಗ್ಗ ಹಿಡಿಯುತ್ತಿದ್ದವರು ಆಕೆಯೇ.

"ಕೋಪ ಬರ್ಲಿಲ್ಲ" ಎನ್ನುತ್ತಾರೆ ಆಕೆ. "ಬದುಕಿದ್ದೀನಿ ಕಣ್ರೀ ಅಂತ ಹೇಳ್ಬೇಕು ಅನ್ನಿಸ್ತು. ಬಾಯಿ ಬರ್ಲಿಲ್ಲ."

ಮರುದಿನ ಆಕೆಯ ಹಾಸಿಗೆ ಮಗಳ ಕೋಣೆಗೆ ಹೋಯಿತು. ಅಪ್ಪನ ಗೊರಕೆ ಎಂದು ನೆಪ ಹೇಳಿದ್ದಾಯಿತು. "ಗೊರಕೆ ಅಪ್ಪಂದಲ್ಲಮ್ಮ, ನಿಂದೇ" ಎಂದು ಮಗಳು ಈಗಲೂ ಕಾಲೆಳೆಯುತ್ತಾಳೆ.

ಗಂಡಸ್ತನವೇ ಹೋಯಿತೆಂದು ಮೀನಣ್ಣ ಕಂಡಕಂಡ ಮಾತ್ರೆ ನುಂಗಿದರು. ಕೊನೆಗೆ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿದಾಗ ದೇಹದಲ್ಲಿ ಯಾವ ದೋಷವೂ ಇರಲಿಲ್ಲ. ವೈದ್ಯರು ಇಬ್ಬರನ್ನೂ ಆಪ್ತ ಸಮಾಲೋಚಕಿಯ ಬಳಿ ಕಳಿಸಿದರು. "ಸದಾ ಗಾಬರಿಯಲ್ಲಿರೋ ಮೈಯಲ್ಲಿ ಆಸೆ ಹುಟ್ಟೋದು ಕಷ್ಟ" ಎನ್ನುತ್ತಾರೆ ಸಮಾಲೋಚಕಿ. "ಬೆಂಕಿ ಆರಿಸೋರು, ಆಂಬುಲೆನ್ಸ್ ಓಡಿಸೋರು, ಎಷ್ಟೋ ಜನ ನನ್ನ ಬಾಗಿಲ ತನಕ ಬಂದು ನಾಚಿಕೊಂಡು ವಾಪಸ್ ಹೋಗ್ತಾರೆ." ಅವರು ಕೊಟ್ಟ ಮೊದಲ ಪಾಠ ಇಷ್ಟೇ: ಹಗಲು ಹೊತ್ತು, ಕಣ್ಣು ತೆರೆದು, ಕೈ ಕೈ ಹಿಡಿದು ಕೂರಬೇಕು. ಬೇರೆ ಯಾವ ಅವಸರವೂ ಬೇಡ.

ಜಲಾಶಯದಿಂದ ಮನೆಗೆ ಬಂದ ಮೀನಣ್ಣ ಬಿಸಿನೀರಿನಲ್ಲಿ ಕೈ ತೊಳೆಯುತ್ತಾರೆ, ಮತ್ತೆ ತೊಳೆಯುತ್ತಾರೆ. ಹಿತ್ತಿಲ ಮೆಟ್ಟಿಲ ಮೇಲೆ ಹೆಂಡತಿ ತಲೆಗೆ ನೀರು ಹಾಕಿಕೊಂಡು ಬಿಸಿಲಿಗೆ ಕುಳಿತಿದ್ದಾರೆ. ಮೊದಲೆಲ್ಲ ಆ ಕೂದಲು ಒರೆಸುವ ಕೆಲಸ ಮೀನಣ್ಣನದೇ ಆಗಿತ್ತು. ಮೂರು ವರ್ಷದಿಂದ ಆ ಒದ್ದೆ ಕೂದಲನ್ನು ಅವರು ದೂರದಿಂದ ನೋಡುತ್ತಾರೆ, ಅಷ್ಟೇ.

"ಕಣ್ಣು ಮುಚ್ಕೊಂಡು ಇವಳ ಒದ್ದೆ ತಲೆ ಒರೆಸಬೇಕು. ಇವಳು ಇವಳೇ ಅಂತ ಕೈಗೆ ಗೊತ್ತಾಗಬೇಕು. ನನಗೆ ಬೇರೇನೂ ಬೇಡ."

ಇವತ್ತು ಟವೆಲ್ ಹಿಡಿದು ಆಕೆಯ ಹಿಂದಿನ ಮೆಟ್ಟಿಲಲ್ಲಿ ಕೂರುತ್ತಾರೆ. ಕಣ್ಣು ತೆರೆದೇ ಇದೆ. ಕೂದಲ ತುದಿ ಮುಟ್ಟಿದ್ದೇ ತಡ, ಬೆರಳು ಸೆಟೆದು ನಿಲ್ಲುತ್ತದೆ.

ಹೆಂಡತಿ ತಿರುಗಿ ನೋಡುವುದಿಲ್ಲ. ಕೈ ಹಿಂದೆ ಚಾಚಿ, ಗಂಡನ ಅಂಗಿಯ ತೋಳನ್ನು ಒಂದು ಸಲ, ಒಂದೇ ಸಲ ಜಗ್ಗುತ್ತಾರೆ.